ಬುಟ್ಟಿ ಇಳಿಸುವ ಕಲ್ಲು

ಅದು ದ್ವಾರ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಬೇರೆ ಮಾತು ಆಮೇಲೆ. ಯಾವ ಅರಸನೂ ಅದರ ಅಡಿಯಲ್ಲಿ ಹೋಗಿಲ್ಲ, ಯಾವ ಪಲ್ಲಕ್ಕಿಯೂ ಹೋಗಿಲ್ಲ. ನಿಲ್ಲಿಸಿದ ಎರಡು ಕಲ್ಲು, ಅವುಗಳ ಮೇಲೆ ಅಡ್ಡಕ್ಕೆ ಒಂದು ಚಪ್ಪಡಿ. ಎತ್ತರ ಒಬ್ಬ ಹೆಂಗಸಿನ ಹಣೆಯಷ್ಟು. ಕಡಿಯಾಳಿ ದಾಟಿ ಮಣಿಪಾಲದ ಏರು ಹತ್ತುವ ಮೊದಲು, ರಸ್ತೆಯ ಎಡಬದಿಯಲ್ಲಿ, ನನ್ನ ಅಜ್ಜಿ ಹುಟ್ಟುವ ಮೊದಲಿನಿಂದ ಇತ್ತು. ಮೀನಿನ ಬುಟ್ಟಿ ಇಳಿಸುವ ಕಲ್ಲು. ಅಷ್ಟೇ.

ಅದು ಯಾಕೆ ಬೇಕು ಎಂದು ಕೇಳುವವರು ಒಮ್ಮೆ ಬುಟ್ಟಿ ಹೊತ್ತು ನೋಡಬೇಕು. ಮಲ್ಪೆಯ ಬಂದರಿನಲ್ಲಿ ಮೀನಿನ ಏಲಂ ಮುಗಿದು ಬುಟ್ಟಿ ತುಂಬಿದರೆ ಅದನ್ನು ಒಬ್ಬಳೇ ಎತ್ತಲು ಆಗುವುದಿಲ್ಲ. ಇಬ್ಬರು ಹಿಡಿದು ಒಬ್ಬಳ ತಲೆಗೆ ಕೊಡಬೇಕು. ಬಟ್ಟೆ ಸುತ್ತಿದ ಸಿಂಬಿಯ ಮೇಲೆ ಬುಟ್ಟಿ ಕೂತ ಮೇಲೆ ಇಳಿಸಲಿಕ್ಕೂ ಇನ್ನೊಬ್ಬರು ಬೇಕು. ದಾರಿಯಲ್ಲಿ ಜೊತೆಗೆ ಇನ್ನೊಬ್ಬಳು ಇದ್ದಾಳೆ ಎಂದು ಇಟ್ಟುಕೊಳ್ಳಿ. ಅವಳ ತಲೆಯ ಮೇಲೂ ಬುಟ್ಟಿಯೇ. ಯಾರು ಯಾರಿಗೆ ಇಳಿಸುವುದು? ರಸ್ತೆಯಲ್ಲಿ ಹೋಗುವವರು ಕೈ ಕೊಡುವುದಿಲ್ಲ. ಮೀನು ತಿನ್ನದವರ ಮಾತು ಬಿಡಿ, ಮೂರು ಹೊತ್ತು ಮೀನು ತಿನ್ನುವವರೂ ಕೊಡುವುದಿಲ್ಲ. ಇಸ್ತ್ರಿ ಹಾಕಿದ ಅಂಗಿಗೆ ನೀರು ತಾಗುತ್ತದಂತೆ. ಬಂಗುಡೆ ಅವರ ಬಟ್ಟಲಿಗೆ ಬರಬೇಕು, ಬುಟ್ಟಿ ಮಾತ್ರ ಅವರ ಕೈಗೆ ಬರಬಾರದು. ಬಸ್ಸಿನವರಂತೂ ದೂರದಿಂದ ಬುಟ್ಟಿ ಕಂಡರೆ ಸಾಕು, ಬೆಲ್ಲು ಹೊಡೆದು ಹೋಗಿಬಿಡುತ್ತಾರೆ. ಅದಕ್ಕೇ ಆ ಕಲ್ಲು. ಅದರ ಮುಂದೆ ನಿಂತು, ತಲೆ ಸ್ವಲ್ಪ ಬಗ್ಗಿಸಿ, ಬುಟ್ಟಿಯನ್ನು ಚಪ್ಪಡಿಗೆ ಜಾರಿಸಬೇಕು. ಬೆನ್ನು ನೆಟ್ಟಗೆ ಮಾಡಬೇಕು. ಬೆವರು ಒರೆಸಿ, ಎಲೆ ಅಡಿಕೆ ಹಾಕಿಕೊಂಡು, ಪುನಃ ತಲೆ ಕೊಟ್ಟು ಎಳೆದುಕೊಳ್ಳಬೇಕು. ಯಾರ ಹಂಗೂ ಬೇಡ.

ನಾನು ವಾರಿಜಾ. ಅಮ್ಮಣ್ಣಿಯ ಮಗಳು. ಅಮ್ಮ ಮಲ್ಪೆಯಿಂದ ಅಲೆವೂರಿನವರೆಗೆ ಹೊತ್ತು, ಮನೆಮನೆಗೆ ಮಾರಿ, ನನ್ನನ್ನು ಬಿ.ಎಡ್. ಮಾಡಿಸಿದಳು. ಅದೇ ಏರಿನ ಮೇಲಿನ ಹೈಸ್ಕೂಲಿನಲ್ಲಿ ನನಗೆ ಸಮಾಜ ಪಾಠದ ಕೆಲಸ ಸಿಕ್ಕಿತ್ತು. ಇನ್ನೂ ಖಾಯಂ ಆಗಿರಲಿಲ್ಲ. ದಿನಾ ಬೆಳಿಗ್ಗೆ ಗಂಧದ ಸಾಬೂನು ತಿಕ್ಕಿ ತಿಕ್ಕಿ ಮಿಂದು, ತಲೆಗೆ ಅಬ್ಬಲಿಗೆ ಮುಡಿದು ಹೋಗುತ್ತಿದ್ದೆ. ಆದರೂ ನಾನು ಸ್ಟಾಫ್ ರೂಮಿಗೆ ಕಾಲಿಟ್ಟರೆ ಯಾರಾದರೊಬ್ಬರು ಎದ್ದು ಕಿಟಕಿ ತೆರೆಯುತ್ತಿದ್ದರು. ಸೆಕೆ ಎನ್ನುತ್ತಿದ್ದರು. ಡಿಸೆಂಬರಿನಲ್ಲೂ ಸೆಕೆ, ಮಾರಾಯರೇ!

ಎಪ್ಪತ್ತೊಂಬತ್ತರ ದೀಪಾವಳಿ ಕಳೆದು ಶಾಲೆ ತೆರೆದ ದಿನ. ಗೇಟು ದಾಟಿದವಳು ಅಲ್ಲಿಯೇ ನಿಂತೆ. ಅಂಗಳದಲ್ಲಿ, ಬಾವುಟದ ಕಂಬದ ಪಕ್ಕ, ಕಲ್ಲು ನಿಂತಿತ್ತು. ನಮ್ಮ ಕಲ್ಲು. ಮೈಗೆಲ್ಲ ಸುಣ್ಣ ಬಳಿದಿದ್ದರು. ಸುತ್ತ ಕ್ರೋಟನ್ ಗಿಡ ನೆಟ್ಟಿದ್ದರು. ಎದುರಿಗೆ ಒಂದು ಬೋರ್ಡು: ‘ಅರಸರ ಕಾಲದ ಸ್ವಾಗತ ದ್ವಾರ’.

ರಜೆಯಲ್ಲಿ ಅಮ್ಮ ದಿನವೂ ಹೇಳುತ್ತಿದ್ದಳು, ಕಲ್ಲು ಕಾಣುವುದಿಲ್ಲ, ರಸ್ತೆ ಅಗಲ ಮಾಡುವವರು ಕಿತ್ತುಹಾಕಿರಬೇಕು ಎಂದು. ನಾನೂ ಹಾಗೆಯೇ ಎಣಿಸಿದ್ದೆ. ಈಗ ನೋಡಿದರೆ ಕಳ್ಳತನ. ಹಾಡಹಗಲಿನ ಕಳ್ಳತನ, ಅದಕ್ಕೆ ಸುಣ್ಣ ಬೇರೆ.

ಹೆಡ್‌ಮಾಸ್ತರ್ ದೇವದಾಸರ ಕೋಣೆಗೆ ಹೋದೆ. ಅಲ್ಲಿ ಶಾಲೆಯ ಸಂಚಾಲಕರೂ ಕೂತಿದ್ದರು. ಶಾಲೆ ಅವರ ತಂದೆ ಕಟ್ಟಿಸಿದ್ದು. ಜಾಗ ಅವರದ್ದು, ಮಾತೂ ಅವರದ್ದೇ. ನಮ್ಮ ಹೆಡ್‌ಮಾಸ್ತರು ಅವರ ಎದುರು ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು.

“ಬನ್ನಿ ಟೀಚರ್, ನಿಮ್ಮ ಸುದ್ದಿಯೇ ಮಾತಾಡುತ್ತಿದ್ದೆವು” ಎಂದರು ಸಂಚಾಲಕರು. “ಜನವರಿಯಲ್ಲಿ ಶಾಲೆಯ ಬೆಳ್ಳಿಹಬ್ಬ ಅಲ್ವಾ? ಒಂಬತ್ತನೆಯ ಕ್ಲಾಸಿನ ಮಕ್ಕಳಿಗೆ ನಮ್ಮ ಪೇಟೆಯ ಕೇರಿಗಳ ಇತಿಹಾಸ ಹೇಳಿಕೊಡಿ. ಯಾವ ಕೇರಿ ಯಾವಾಗ ಆಯಿತು, ಯಾರು ಇದ್ದರು, ಎಲ್ಲ. ಬೆಂಗಳೂರಿನಿಂದ ಅತಿಥಿ ಬರ್ತಾರೆ. ಮಕ್ಕಳು ಸ್ಟೇಜಿನಲ್ಲಿ ಪಟಪಟ ಹೇಳಬೇಕು. ದ್ವಾರದ ವಿಷಯವನ್ನೂ ಸೇರಿಸಿ.”

“ಸರ್, ಅದು ದ್ವಾರ ಅಲ್ಲ. ಅದು ಬುಟ್ಟಿ ಇಳಿಸುವ ಕಲ್ಲು.”

“ಗೊತ್ತುಂಟು” ಎಂದರು ಅವರು.

ಗೊತ್ತಿಲ್ಲ ಎಂದಿದ್ದರೆ ತಿಳಿಸಿ ಹೇಳಬಹುದಿತ್ತು. ಗೊತ್ತಿದ್ದೇ ಮಾಡಿದವನಿಗೆ ಎಂತ ಹೇಳುವುದು?

“ನನಗೆ ಗೊತ್ತಿಲ್ಲವಾ? ನಾನು ಇಲ್ಲಿಯೇ ಹುಟ್ಟಿದವ. ಸಣ್ಣವರಿರುವಾಗ ಅದರ ಹತ್ತಿರ ಮೂಗು ಮುಚ್ಚಿಕೊಂಡು ಓಡುತ್ತಿದ್ದೆವು” ಎಂದು ಅವರು ನಕ್ಕರು. “ನೋಡಿ, ಕಾರ್ಕಳದವರಿಗೆ ಗೊಮ್ಮಟ ಉಂಟು. ಉಡುಪಿಗೆ ಮಠ ಉಂಟು. ನಮ್ಮ ಶಾಲೆಗೆ ಎಂತ ಉಂಟು? ತೋರಿಸಲಿಕ್ಕೆ ಹಳೆಯದು ಒಂದು ಬೇಡವಾ? ಹಾಗೆಂತ ಸರಸ್ವತಿಯ ಎದುರು ಮೀನಿನ ಕಲ್ಲು ಎಂದು ಬೋರ್ಡು ಹಾಕಲಿಕ್ಕೆ ಆಗ್ತದಾ? ನೀವೇ ಹೇಳಿ.”

“ಹೆಂಗಸರು ಹೊರೆ ಎಲ್ಲಿ ಇಳಿಸುವುದು ಸರ್?”

“ರಸ್ತೆ ಅಷ್ಟು ಉದ್ದ ಉಂಟಲ್ಲ ಮಾರಾಯ್ತಿ. ಎಲ್ಲಿಯಾದರೂ ಇಳಿಸಲಿ.”

ಹೆಡ್‌ಮಾಸ್ತರು ಮೇಜಿನ ಮೇಲಿದ್ದ ಗಂಟೆಯನ್ನು ಸರಿಪಡಿಸಿ ಇಟ್ಟರು. ಅವರ ಮನೆ ಅಲೆವೂರು. ಅಮ್ಮನ ಬುಟ್ಟಿಯ ಬೂತಾಯಿ ತಿಂದೇ ಅವರ ಮಕ್ಕಳು ದೊಡ್ಡವರಾದದ್ದು.

ಆ ವಾರವೇ ಅಮ್ಮನಿಗೆ ಆ ಗತಿಯಾದದ್ದು. ಅವತ್ತು ಬಂಗುಡೆ ಧಾರಾಳ ಬಿದ್ದಿತ್ತು, ಬುಟ್ಟಿ ಭಾರ. ಏರಿನ ಬುಡಕ್ಕೆ ಬರುವಾಗ ಅವಳಿಗೆ ಕಣ್ಣು ಕತ್ತಲೆ ಬಂದಿದೆ. ಕಲ್ಲು ಇದ್ದ ಜಾಗದಲ್ಲಿ ಎರಡು ಹೊಂಡ. ಎದುರಿಗೆ ಒಂದು ಮನೆಯ ಕಂಪೌಂಡ್ ಗೋಡೆ ಸರಿಯಾದ ಎತ್ತರಕ್ಕೆ ಸಿಕ್ಕಿತು. ಅಲ್ಲಿಗೆ ಹೋಗಿ ಬುಟ್ಟಿ ಜಾರಿಸಲು ನೋಡಿದ್ದಾಳೆ. ಗೋಡೆಯ ಮೇಲೆ ಗಾಜಿನ ಚೂರು ನೆಟ್ಟಿದ್ದರು. ಕೈ ಕೊಯ್ಯಿತು. ಅಷ್ಟರಲ್ಲಿ ಒಳಗಿನಿಂದ ಯಾರೋ ‘ಏಯ್, ಗೋಡೆಗೆ ಮೀನಿನ ನೀರು!’ ಎಂದು ಕೂಗಿದರು. ಅಮ್ಮ ಗಾಬರಿಯಲ್ಲಿ ಹಿಂದಕ್ಕೆ ಎಳೆದಳು. ಬುಟ್ಟಿ ಒಂದು ಬದಿಗೆ ವಾಲಿತು. ಮೀನು ಹೋಗಬಾರದು ಎಂದು ಕುತ್ತಿಗೆಯನ್ನೇ ಕೊಟ್ಟಳು. ಕುತ್ತಿಗೆಯೊಳಗೆ ಕಟಕ್ಕೆಂದಿತು.

ಅಲ್ಲಿಗೂ ಇಳಿಸಲಿಲ್ಲ. ಇಳಿಸಲು ಜಾಗ ಇರಲಿಲ್ಲ. ಅದೇ ಕುತ್ತಿಗೆಯಲ್ಲಿ ಅಲೆವೂರಿನವರೆಗೆ ಹೊತ್ತಳು, ಮಾರಿದಳು, ಮನೆಗೆ ಬಂದಳು. ಆಮೇಲೆ ಅವಳ ಕುತ್ತಿಗೆ ಬಗ್ಗಲಿಲ್ಲ, ತಲೆ ಬಲಕ್ಕೆ ತಿರುಗಲಿಲ್ಲ. ಬಲಬದಿಯವರನ್ನು ನೋಡಬೇಕಾದರೆ ಇಡೀ ಮೈ ತಿರುಗಿಸಬೇಕು. ನಾನು ಎಣ್ಣೆ ತಿಕ್ಕಲು ಹೋದೆ. ಕೈ ತಾಗಿಸಿದರೆ ‘ಅಯ್ಯಮ್ಮಾ’ ಎಂದು ಚೀರುತ್ತಿದ್ದಳು.

“ನಾಳೆ ಹೋಗಬೇಡ” ಎಂದೆ.

“ಹೋಗದೆ? ನಿನ್ನ ಸಂಚಾಲಕರು ತಂದು ಹಾಕ್ತಾರಾ ಅನ್ನ?” ಎಂದಳು. ಮರುದಿನವೂ ಹೋದಳು. ಬುಟ್ಟಿಯಲ್ಲಿ ಅರ್ಧ ಮಾತ್ರ ಮೀನು ಹಾಕಿಕೊಂಡು.

ಬೇರೆ ಹೆಂಗಸರ ಪಾಡೂ ಇದೇ. ಒಬ್ಬಳು ಸೊಂಟ ಹಿಡಿದುಕೊಂಡು ಕೂತಳು. ಇನ್ನೊಬ್ಬಳು ಬುಟ್ಟಿ ನೆಲಕ್ಕೆ ಇಳಿಸಿ, ಎತ್ತಿಕೊಡುವವರಿಲ್ಲದೆ, ಬಿಸಿಲು ಏರುವವರೆಗೆ ರಸ್ತೆ ಬದಿಯಲ್ಲಿ ನಿಂತು ಹೋಗುವವರನ್ನೆಲ್ಲ ಬೇಡಿದಳು. ಒಬ್ಬ ಗಂಡಸು ನಿಂತನಂತೆ. ಎತ್ತಿಕೊಡಲು ಅಲ್ಲ, ಬಂಗುಡೆಗೆ ಎಷ್ಟು ಎಂದು ಕೇಳಲು.

ನನಗೆ ಮೈಯೆಲ್ಲ ಉರಿ. ಊಟ ಸೇರುವುದಿಲ್ಲ. ಕ್ಲಾಸಿಗೆ ಹೋಗಿ ಕೇರಿಗಳ ಇತಿಹಾಸ ಎಂದು ಬೋರ್ಡಿನ ಮೇಲೆ ಬರೆದರೆ ನನ್ನ ಅಕ್ಷರವೇ ನನ್ನನ್ನು ನೋಡಿ ಹಲ್ಲು ಕಿರಿಯುತ್ತಿತ್ತು. ರಥಬೀದಿ ಹೇಳಿದೆ. ಕಡಿಯಾಳಿಯ ದೇವಸ್ಥಾನ ಹೇಳಿದೆ. ಪೇಟೆಯ ಹಳೆ ಅಂಗಡಿಸಾಲು, ಆಸ್ಪತ್ರೆ, ಮಣಿಪಾಲದ ಗುಡ್ಡ ಕಾಲೇಜಾದ ಕಥೆ ಎಲ್ಲ ಹೇಳಿದೆ. ಮಕ್ಕಳು ಬರೆದುಕೊಂಡರು.

ಜುಬೈದಾ ಎಂಬ ಹುಡುಗಿ ಎದ್ದು ನಿಂತಳು. ಪೇಟೆಯಲ್ಲಿ ಜಿನಸಿನ ಅಂಗಡಿ ಇಟ್ಟಿದ್ದ ಕುಂಞಿ ಮೊಹಮ್ಮದರ ಮಗಳು. ಬಾಯಿ ಜೋರು, ನನಗೆ ಅದಕ್ಕೇ ಇಷ್ಟ.

“ಟೀಚರ್, ಹೊರಗೆ ಆ ದ್ವಾರ ಉಂಟಲ್ಲ, ಅದು ನನ್ನ ಹಣೆಗೆ ತಾಗ್ತದೆ. ಅರಸರು ಕುಕ್ಕರುಗಾಲಲ್ಲಿ ಹೋಗ್ತಿದ್ದರಾ?”

ಕ್ಲಾಸು ಘೊಳ್ಳೆಂದು ನಕ್ಕಿತು. ನನಗೂ ನಗು ಬಂತು. ನಗುತ್ತಲೇ ಹೊಟ್ಟೆಯಲ್ಲಿ ಇದ್ದದ್ದೆಲ್ಲ ಹೊರಗೆ ಬಂತು. ಹೇಳಿಬಿಟ್ಟೆ. ಕಲ್ಲು ಯಾರದ್ದು, ಎಲ್ಲಿತ್ತು, ಯಾಕಿತ್ತು. ಬುಟ್ಟಿಗೆ ಯಾರೂ ಯಾಕೆ ಕೈ ಕೊಡುವುದಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ “ಅಷ್ಟು ಭಾರ ಇರ್ತದಾ ಟೀಚರ್?” ಎಂದ.

ಮರುದಿನ ಅಮ್ಮನ ಹಳೆಯ ಬುಟ್ಟಿಯನ್ನು ತೊಳೆದು ತಂದೆ. ಲಾಂಗ್ ಜಂಪಿನ ಹೊಂಡದಿಂದ ಮರಳು ತುಂಬಿಸಿದೆ. ಸಿಂಬಿ ಸುತ್ತುವುದನ್ನು ತೋರಿಸಿದೆ. ಮೈದಾನದ ಸುತ್ತ ಒಬ್ಬೊಬ್ಬರೇ ಹೊರಬೇಕು ಎಂದೆ. ದೊಡ್ಡ ಕ್ರಿಕೆಟ್ ಹುಡುಗರು ಎದೆ ಉಬ್ಬಿಸಿ ಬಂದರು. ಗೋಲಿನ ಕಂಬದವರೆಗೆ ಹೋಗುವಾಗ ಅವರ ಮೊಣಕಾಲು ನಡುಗಿತು. ಕಣ್ಣಲ್ಲಿ ನೀರು. ಜುಬೈದಾ ಹಲ್ಲು ಕಚ್ಚಿ ಇಡೀ ಸುತ್ತು ಹೊತ್ತಳು.

“ಇಳಿಸಿ ಟೀಚರ್!” ಎಂದಳು.

“ಇಲ್ಲ. ಯಾರೂ ಕೈ ಕೊಡಬಾರದು. ನೀನೇ ಇಳಿಸಬೇಕು.”

“ಹೇಗೆ ಟೀಚರ್? ಕುತ್ತಿಗೆ ಹೋಗ್ತದೆ!”

ಅವಳು ಸುತ್ತ ನೋಡಿದಳು. ಕಂಬ, ಮೆಟ್ಟಿಲು, ಮರ. ಮತ್ತೆ ಸೀದ ಕ್ರೋಟನ್ ಗಿಡಗಳನ್ನು ತುಳಿದುಕೊಂಡು ಹೋಗಿ, ಸುಣ್ಣ ಬಳಿದ ಚಪ್ಪಡಿಯ ಮುಂದೆ ನಿಂತು, ತಲೆ ಬಗ್ಗಿಸಿ ಬುಟ್ಟಿ ಜಾರಿಸಿದಳು. “ಯಾ ಅಲ್ಲಾ!” ಎಂದು ಉಸಿರು ಬಿಟ್ಟಳು. ಇತರರೂ ಸಾಲಾಗಿ ಬಂದು ಇಳಿಸಿದರು. ಆ ಗಂಟೆಯಲ್ಲಿ ನಾನು ಮಾಡಿದ ಪಾಠದಂಥ ಪಾಠವನ್ನು ಮತ್ತೆ ಮಾಡಿಲ್ಲ, ಜಂಬ ಎಂದರೂ ಅಡ್ಡಿಯಿಲ್ಲ.

ಸಂಜೆಯೊಳಗೆ ಸುದ್ದಿ ಮುಟ್ಟಿತು. ಮರುದಿನ ಬೆಳಿಗ್ಗೆ ಕರೆ ಬಂತು. ಸಂಚಾಲಕರು ಕೂರಲು ಹೇಳಲಿಲ್ಲ.

“ಮಕ್ಕಳ ತಲೆಗೆ ಮೀನಿನ ಬುಟ್ಟಿ ಇಟ್ಟಿರಂತೆ.”

“ಮರಳು ಸರ್.”

“ಬುಟ್ಟಿ ಯಾರದ್ದು?”

“ನನ್ನ ಅಮ್ಮನದ್ದು.”

“ಮತ್ತೆ? ಮರಳು ಹಾಕಿದರೆ ವಾಸನೆ ಹೋಗ್ತದಾ? ಒಬ್ಬ ಹುಡುಗನನ್ನು ಮನೆಯವರು ಒಳಗೆ ಸೇರಿಸಲಿಲ್ಲ, ಬಾವಿಕಟ್ಟೆಯಲ್ಲಿ ನಿಲ್ಲಿಸಿ ತಲೆಗೆ ನೀರು ಹೊಯ್ದು ಕರಕೊಂಡರಂತೆ. ನನಗೆ ಫೋನು ಮಾಡಿದರು. ನಾನು ಎಂತ ಉತ್ತರ ಕೊಡಲಿ? ಟೀಚರಿನ ಜಾತಿಬುದ್ಧಿ ಎಂದು ಹೇಳಲಾ?”

ಹೆಡ್‌ಮಾಸ್ತರು ಕಿಟಕಿಯ ಹೊರಗೆ ನೋಡುತ್ತಿದ್ದರು.

“ನಿಮಗೆ ಖಾಯಂ ಆಗಬೇಕಲ್ವಾ?” ಸಂಚಾಲಕರ ಸ್ವರ ಮೆತ್ತಗಾಯಿತು. “ಹಬ್ಬ ಕಳೆಯಲಿ, ಮಾಡುವ. ಮಕ್ಕಳಿಗೆ ದ್ವಾರದ ಪಾಠ ಬಾಯಿಪಾಠ ಮಾಡಿಸಿ. ನಿಮ್ಮ ಅಮ್ಮ ಮೀನು ಮಾರಿದ್ದು ನಿಮ್ಮ ಮನೆಯ ಸಂಗತಿ. ಅದು ಇತಿಹಾಸ ಅಲ್ಲ.”

ನಾನು ಬಾಯಿ ತೆರೆಯಲಿಲ್ಲ. ತೆರೆದಿದ್ದರೆ ಮಲ್ಪೆಯ ಬೈಗಳು ಬರುತ್ತಿತ್ತು. ಅದನ್ನು ಕೇಳಿ ತಡೆದುಕೊಳ್ಳುವ ತಾಕತ್ತು ಅವರಿಗೆ ಇರಲಿಲ್ಲ.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ನೆರೆಮನೆಯ ಇಬ್ಬರು ಹೆಂಗಸರೂ ಕೂತಿದ್ದರು. ಅಮ್ಮ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದಳು.

“ಕಲ್ಲು ಅಂಗಳದಲ್ಲಿ ಉಂಟಾ?”

“ಅಂಗಳದಲ್ಲಿ. ಸ್ಟೇಜಿನ ಎದುರಿಗೆ.”

“ಗೇಟು?”

“ಹಬ್ಬದ ದಿನ ತೆರೆದೇ ಇರ್ತದೆ.”

“ಹಾಗಾದರೆ ಎಂತ ಕಷ್ಟ? ಕಲ್ಲು ಎಲ್ಲಿ ಉಂಟೋ ಅಲ್ಲಿ ಇಳಿಸುವುದು” ಎಂದಳು. ಹೆಂಗಸರು ಅವಳ ಮುಖ ನೋಡಿದರು. ಮತ್ತೆ ಒಬ್ಬರನ್ನೊಬ್ಬರು ನೋಡಿ ನಗಲು ಶುರು ಮಾಡಿದರು.

ಅಮ್ಮ ನಗಲಿಲ್ಲ. ಇಡೀ ಮೈ ತಿರುಗಿಸಿ ನನ್ನ ಕಡೆ ಕೂತಳು. “ನಿನ್ನ ಕೆಲಸ ಹೋಗ್ತದೆ ಮಗಾ. ನೀನು ಬೇಡ ಎಂದರೆ ನಾವು ಬರುವುದಿಲ್ಲ. ನಿನ್ನನ್ನು ಓದಿಸಿದ್ದು ಬುಟ್ಟಿ ಹೊರದೆ ಇರಲಿ ಎಂದು.”

ಅವಳ ಕುತ್ತಿಗೆ ನೋಡಿದೆ. ಎಣ್ಣೆ ಹಚ್ಚಿ, ಹಳೆ ಸೀರೆಯ ತುಂಡು ಸುತ್ತಿತ್ತು.

“ಬನ್ನಿ” ಎಂದೆ.

ಬೆಳ್ಳಿಹಬ್ಬದ ಬೆಳಿಗ್ಗೆ. ಶಾಮಿಯಾನ, ಮಾವಿನ ತೋರಣ, ಮೈಕು. ಬೆಂಗಳೂರಿನ ಅತಿಥಿಗಳು ಸ್ಟೇಜಿನ ನಡುವೆ. ಪಕ್ಕದಲ್ಲಿ ಜರಿ ಶಾಲಿನ ಸಂಚಾಲಕರು. ಕಲ್ಲಿಗೆ ಚೆಂಡುಹೂವಿನ ಮಾಲೆ ಹಾಕಿದ್ದರು. ಅತಿಥಿಗಳು ಅದರ ಎದುರು ಕಟ್ಟಿದ ರಿಬ್ಬನ್ ಕತ್ತರಿಸಬೇಕಿತ್ತು. ಆಮೇಲೆ ಮಕ್ಕಳ ಇತಿಹಾಸ. ನಾನು ಮಕ್ಕಳಿಗೆ ಕೇರಿಗಳನ್ನೆಲ್ಲ ಬಾಯಿಪಾಠ ಮಾಡಿಸಿದ್ದೆ, ದ್ವಾರವನ್ನು ಮಾತ್ರ ಬಿಟ್ಟಿದ್ದೆ. ಆ ಸುಳ್ಳನ್ನು ಒಂದು ಮಗುವಿನ ಬಾಯಿಗೂ ಹಾಕಲು ನಾನು ತಯಾರಿರಲಿಲ್ಲ.

ಪ್ರಾರ್ಥನೆ ನಡೆಯುತ್ತಿರುವಾಗ ಅವರು ಬಂದರು. ಮುಂದೆ ಅಮ್ಮ. ಹಿಂದೆ ಸಾಲಾಗಿ ಹೆಂಗಸರು. ಸೀರೆ ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದಾರೆ, ಬರಿಗಾಲು, ಕೆಂಪು ಧೂಳು. ತಲೆಯ ಮೇಲೆ ತುಂಬಿದ ಬುಟ್ಟಿ. ಬುಟ್ಟಿಯಿಂದ ನೀರು ಇಳಿದು ಕೆನ್ನೆ, ಭುಜ, ರವಿಕೆ ಎಲ್ಲ ಒದ್ದೆ. ಗೇಟಿನಲ್ಲಿ ಜವಾನ ಚೆನ್ನಪ್ಪ ಅಡ್ಡ ಬಂದ. ಅಮ್ಮ ನಿಲ್ಲಲಿಲ್ಲ. ಬುಟ್ಟಿಯ ನೀರು ಮೈಗೆ ಬೀಳುತ್ತದೆ ಎಂದು ಅವನೇ ಹಿಂದೆ ಸರಿದ.

ಕುರ್ಚಿಗಳ ನಡುವೆ ದಾರಿ ಆಯಿತು. ಜನರೇ ದಾರಿ ಮಾಡಿಕೊಟ್ಟರು. ಸೀರೆ ಎಳೆದುಕೊಂಡರು, ಮಕ್ಕಳನ್ನು ಎಳೆದುಕೊಂಡರು. ಪ್ರಾರ್ಥನೆ ಹಾಡುವ ಹುಡುಗಿಯರ ಸ್ವರ ಒಂದೊಂದೇ ನಿಂತಿತು. ಅಮ್ಮ ರಿಬ್ಬನ್ನನ್ನು ಹೊಟ್ಟೆಯಿಂದಲೇ ತಳ್ಳಿದಳು, ಅದು ಕಂಬದಿಂದ ಬಿಚ್ಚಿಕೊಂಡಿತು. ಕಲ್ಲಿನ ಮುಂದೆ ನಿಂತಳು. ಕುತ್ತಿಗೆ ಬಗ್ಗುವುದಿಲ್ಲವಲ್ಲ, ಮೊಣಕಾಲು ಬಗ್ಗಿಸಿದಳು. ಬುಟ್ಟಿಯನ್ನು ಜಾರಿಸಿದಳು. ಚೆಂಡುಹೂವಿನ ಮಾಲೆ ಅಡಿಗೆ ಸಿಕ್ಕಿ ಅಪ್ಪಚ್ಚಿಯಾಯಿತು. ಬಂಗುಡೆಯ ನೀರು ಸುಣ್ಣದ ಮೇಲೆ ಇಳಿದು, ಕಪ್ಪು ಗೆರೆಗಳಾಗಿ ಬೋರ್ಡಿನ ಮೇಲೆ ತೊಟ್ಟಿಕ್ಕಿತು.

ಅಮ್ಮ ಬೆನ್ನು ನೆಟ್ಟಗೆ ಮಾಡಿ, ಸೆರಗಿನಿಂದ ಮುಖ ಒರೆಸಿಕೊಂಡಳು. ಉಳಿದ ಹೆಂಗಸರು ಹೊರೆ ಹೊತ್ತುಕೊಂಡೇ ಸರದಿಗೆ ನಿಂತರು.

ಸಂಚಾಲಕರು ಮೈಕಿನ ಎದುರಿನಿಂದಲೇ ಕಿರುಚಿದರು. “ಎಂತ ಇದು! ಚೆನ್ನಪ್ಪ, ತೆಗಿ ಅದನ್ನು!”

ಚೆನ್ನಪ್ಪ ಬಂದ. ಬುಟ್ಟಿ ನೋಡಿದ. ಹೊಸ ಬಿಳಿ ಸಮವಸ್ತ್ರ ಹಾಕಿದ್ದ, ಅದನ್ನೂ ನೋಡಿದ. ಕೈ ಬೆನ್ನ ಹಿಂದೆ ಕಟ್ಟಿದ. “ಇನ್ನು ಪ್ರಸಾದ ಹಂಚಲಿಕ್ಕೆ ಉಂಟು ಧಣಿ” ಎಂದ.

“ಮಾಸ್ಟ್ರುಗಳೇ, ನಿಮಗೆ ಕಾಣುವುದಿಲ್ಲವಾ? ಯಾರಾದರೂ ತೆಗೀರಿ!”

ಮಾಸ್ತರುಗಳು ಇದ್ದರು. ಗಟ್ಟಿಮುಟ್ಟಾದ ಡ್ರಿಲ್ ಮಾಸ್ತರರಿದ್ದರು. ಹಳೆ ವಿದ್ಯಾರ್ಥಿಗಳು, ಪೇಟೆಯ ದೊಡ್ಡವರು, ಎಲ್ಲ ಇದ್ದರು. ಅಷ್ಟು ಜನರಲ್ಲಿ ಒಬ್ಬನೂ ಮುಂದೆ ಬರಲಿಲ್ಲ. ಎರಡು ಕೈ ಬೇಕಿತ್ತು, ಅಷ್ಟೇ. ಆ ಅಂಗಳದಲ್ಲಿ ಕೈಗಳಿಗೆ ಎಂತ ಬರಗಾಲವಾ? ಒಬ್ಬರು ಕರವಸ್ತ್ರ ಮೂಗಿಗೆ ಹಿಡಿದರು. ಒಬ್ಬರು ಪಕ್ಕದವರನ್ನು ತಳ್ಳಿದರು. ಅತಿಥಿಗಳು ಕತ್ತರಿ ಹಿಡಿದುಕೊಂಡು ಎದ್ದು ನಿಂತಿದ್ದವರು ಹಾಗೆಯೇ ಕೂತರು.

ಆಗ ಸಂಚಾಲಕರ ಕಣ್ಣು ನನ್ನ ಮೇಲೆ ಬಿತ್ತು. ಮೈಕು ಬಿಟ್ಟು ಮೆಟ್ಟಿಲಿಳಿದು ಬಂದರು.

“ವಾರಿಜಾ ಟೀಚರ್, ನೀವು ತೆಗೀರಿ. ನಿಮಗೆ ಅಭ್ಯಾಸ ಉಂಟಲ್ಲ.”

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಮಕ್ಕಳೂ. ನಾನು ರೇಷ್ಮೆ ಸೀರೆ ಉಟ್ಟಿದ್ದೆ, ಸಾಲ ತಂದದ್ದು. ಅಭ್ಯಾಸ ಇಲ್ಲ ಎಂದು ಹೇಳಲಾರೆ. ಏಳನೆಯ ಕ್ಲಾಸಿನಿಂದ ರಜೆಯಲ್ಲಿ ಅಮ್ಮನ ಜೊತೆ ಹೊತ್ತಿದ್ದೇನೆ. ನೆತ್ತಿಯಲ್ಲಿ ಕೂದಲು ಸವೆದ ಜಾಗ ಈಗಲೂ ಇದೆ. ನನ್ನ ಕೈಗೆ ಆ ಬುಟ್ಟಿ ಹೇಸಿಗೆ ಅಲ್ಲ. ಆದರೆ ಅವರ ಅಂಗಳದಿಂದ ಅದನ್ನು ತೆಗೆದುಕೊಡಲು, ಅವರ ರಿಬ್ಬನ್ ಕಟ್ಟಿಸಿಕೊಡಲು, ನನ್ನ ಅಮ್ಮನ ಹೊರೆಯನ್ನು ನನ್ನ ಕೈಯಲ್ಲೇ ಹೊರಗೆ ಹಾಕಿಸಲು ಕರೆದರಲ್ಲ, ಅದು ಹೇಸಿಗೆ.

“ನಾನು ತೆಗೆಯುವುದಿಲ್ಲ” ಎಂದೆ.

“ಎಂತ?”

“ತೆಗೆಯುವುದಿಲ್ಲ ಸರ್. ಬುಟ್ಟಿ ಸರಿಯಾದ ಜಾಗದಲ್ಲಿ ಉಂಟು. ಬೇಡವಾದರೆ ನೀವೇ ತೆಗೀರಿ. ಕೈ ಉಂಟಲ್ಲ?”

“ಕೆಲಸ ಬೇಡವಾ ನಿಮಗೆ?”

“ಬೇಕು. ಹೀಗೆ ಬೇಡ.”

ಆವತ್ತು ನನ್ನ ಸ್ವರ ಇಷ್ಟು ದೊಡ್ಡದು ಎಂದು ನನಗೇ ಗೊತ್ತಾದದ್ದು. ಮೈಕಿಲ್ಲದೆ ಗೇಟಿನವರೆಗೆ ಕೇಳಿತಂತೆ.

ಅವರು ಬುಟ್ಟಿಯ ಹತ್ತಿರ ಹೋದರು. ಶಾಲು ಸರಿಮಾಡಿದರು. ಕೈ ಮುಂದೆ ಚಾಚಿದರು. ಒಂದು ಬಂಗುಡೆ ಅಂಚಿನಿಂದ ಜಾರಿ ಅವರ ಕಾಲ ಬಳಿ ಬಿತ್ತು. ಹಾರಿ ಹಿಂದೆ ಬಂದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆ ನಗು ಅವರ ನೆತ್ತಿಗೆ ಏರಿತು.

“ಕಲ್ಲು ಸಮೇತ ಹೊರಗೆ ಹಾಕಿ!” ಎಂದು ಅರಚಿದರು. “ಈ ನಾತದ ಕಲ್ಲು ನನ್ನ ಶಾಲೆಯಲ್ಲಿ ಇನ್ನು ಒಂದು ದಿನ ಇರಬಾರದು!”

“ಎಲ್ಲಿ ಹಾಕುವುದು ಧಣಿ?” ಅಮ್ಮ ಕೇಳಿದಳು.

“ಎಲ್ಲಿಂದ ತಂದದ್ದೋ ಅಲ್ಲಿ ಬಿಸಾಡಿ!”

“ಹಾಂ. ಎಲ್ಲರೂ ಕೇಳಿದಿರಲ್ಲ?” ಎಂದು ಅಮ್ಮ ಇಡೀ ಮೈ ತಿರುಗಿಸಿ ಕುರ್ಚಿಗಳ ಕಡೆ ನೋಡಿದಳು. ಮತ್ತೆ ಮೊಣಕಾಲು ಬಗ್ಗಿಸಿ ಬುಟ್ಟಿಯನ್ನು ತಲೆಗೆ ಎಳೆದುಕೊಂಡಳು. ಹಿಂದಿನ ಹೆಂಗಸರು ಒಬ್ಬೊಬ್ಬರಾಗಿ ಮುಂದೆ ಬಂದು, ಇಳಿಸಿ, ದಣಿವಾರಿಸಿ, ಎತ್ತಿಕೊಂಡು ಹೋದರು. ಯಾರೂ ಅವಸರ ಮಾಡಲಿಲ್ಲ. ಬೆಳ್ಳಿಹಬ್ಬ ಅಷ್ಟೂ ಹೊತ್ತು ಕಾದು ಕೂತಿತು.

ಸಂಜೆ ಲಾರಿ ಬಂದು ಕಲ್ಲನ್ನು ಏರಿನ ಬುಡದಲ್ಲಿ ಉರುಳಿಸಿ ಹೋಯಿತು. ಚಪ್ಪಡಿಯ ಒಂದು ಮೂಲೆ ಒಡೆಯಿತು. ನನ್ನ ತಮ್ಮ ಕಿಟ್ಟ ಬೋಟಿನ ಹುಡುಗರನ್ನು ಕರಕೊಂಡು ಬಂದು ಅದೇ ಹೊಂಡಗಳಲ್ಲಿ ನೆಟ್ಟ. ಶಾಲೆಯ ಅಂಗಳಕ್ಕೆ ಮರುದಿನ ಸೆಗಣಿ ಸಾರಿಸಿ ಶುದ್ಧ ಮಾಡಿದರೆಂದು ಕೇಳಿದೆ.

ಮನೆಯಲ್ಲಿ ಎಲ್ಲರಿಗೂ ಖುಷಿ. ನನಗೆ ಇಲ್ಲ. ನನಗೆ ಇನ್ನೂ ಉರಿ. “ನಿಮ್ಮದು, ತೆಗೆದುಕೊಂಡು ಹೋಗಿ ಎಂದು ಕೊಟ್ಟದ್ದಲ್ಲ ಅಮ್ಮ. ತಪ್ಪಾಯಿತು ಎಂದು ಒಬ್ಬನೂ ಹೇಳಲಿಲ್ಲ. ಮೈಲಿಗೆಯಾಯಿತು ಎಂದು ಬಿಸಾಡಿದರು” ಎಂದೆ.

“ಹೇಗೆ ಬಂತು ಎಂದು ನನ್ನ ಕುತ್ತಿಗೆ ಕೇಳುವುದಿಲ್ಲ ಮಗಾ” ಎಂದಳು ಅಮ್ಮ. ಅವಳ ಮಾತು ಸರಿ. ನನ್ನ ಸಿಟ್ಟೂ ಸರಿ.

ಮೂರನೆಯ ದಿನ ಅಮ್ಮನ ಜೊತೆ ಕಲ್ಲಿನವರೆಗೆ ಹೋದೆ. ಅವಳು ಬುಟ್ಟಿ ಇಳಿಸಿ ಕೂತಿದ್ದಳು. ಹೆಡ್‌ಮಾಸ್ತರ್ ದೇವದಾಸರು ಏರಿನ ಕಡೆ ನಡೆದು ಬರುತ್ತಿದ್ದವರು ನನ್ನನ್ನು ಕಂಡು ನಿಂತರು. ಕೈಯಲ್ಲಿದ್ದ ಕವರು ಕೊಟ್ಟರು. ನಾನು ಬಿಚ್ಚಲಿಲ್ಲ. ಒಳಗೆ ಇರುವುದು ಕೆಲಸದಿಂದ ತೆಗೆದ ಕಾಗದ ಎಂದು ಗೊತ್ತೇ ಇತ್ತು.

“ನನ್ನ ಕೈಯಲ್ಲಿ ಎಂತದೂ ಇಲ್ಲ ಟೀಚರ್” ಎಂದರು. “ನೀವು ಮಾಡಿದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ನನ್ನ ಮನಸ್ಸು ನಿಮ್ಮ ಜೊತೆಗೇ ಉಂಟು, ನಿಜವಾಗಿ.”

ಅಮ್ಮ ಎದ್ದಳು. ಸಿಂಬಿ ತಲೆಗಿಟ್ಟಳು. “ಮಾಸ್ಟ್ರೇ, ನನ್ನ ಕುತ್ತಿಗೆ ಬಗ್ಗುವುದಿಲ್ಲ, ದಿನಾ ಮೊಣಕಾಲು ಬಗ್ಗಿಸಿ ಸಾಕಾಯಿತು. ಆಚೆ ಬದಿ ವಾರಿಜಾ ಹಿಡೀತಾಳೆ. ಈಚೆ ಬದಿ ನೀವು ಒಂದು ಕೈ ಕೊಡಿ.”

ಅವರು ಬುಟ್ಟಿ ನೋಡಿದರು. ರಸ್ತೆಯ ಈ ತುದಿ ನೋಡಿದರು, ಆ ತುದಿ ನೋಡಿದರು. ಉಡುಪಿ ಕಡೆಯಿಂದ ಒಂದು ಬಸ್ಸು ಬರುತ್ತಿತ್ತು, ಅದರ ತುಂಬ ಪರಿಚಯದವರು.

“ಶಾಲೆಗೆ ಹೊತ್ತಾಯಿತು ಅಮ್ಮಣ್ಣಿ” ಎಂದು ನಡೆದರು.

ನಾನು ಕವರನ್ನು ಬುಟ್ಟಿಯೊಳಗೆ ಮೀನಿನ ಮೇಲೆ ಎಸೆದು, ಎರಡೂ ಬದಿಗೆ ಕೈ ಹಾಕಿ ಎತ್ತಿದೆ. ಅಮ್ಮನ ತಲೆ ಅಡಿಗೆ ಬರುವವರೆಗೆ ಹಿಡಿದುಕೊಂಡೆ. ರಟ್ಟೆ ಹರಿಯುವಷ್ಟು ಭಾರ. ಅದೇ ಉಸಿರಿನಲ್ಲಿ ಅವರ ಬೆನ್ನಿಗೆ ಕೂಗಿದೆ. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

“ಮಾಸ್ಟ್ರೇ! ಒಂಬತ್ತನೆಯ ಕ್ಲಾಸಿಗೆ ಇನ್ನು ಸಮಾಜ ಪಾಠ ನೀವೇ ತೆಗೆದುಕೊಳ್ಳುವುದಲ್ವಾ? ಈಗ ನೀವು ಮಾಡಿದಿರಲ್ಲ, ಅದನ್ನು ಹೇಳಿಕೊಡಿ! ಈ ಕೇರಿಯ ಇತಿಹಾಸ ಅದೇ!”